ಗುರಿಕಾರ ಮೇಷ್ಟ್ರ ಐದು ಗುಂಡು

ಶಿವಮೊಗ್ಗದ ರವೀಂದ್ರನಗರದಲ್ಲಿ ‘ಗುರಿಕಾರ ಮೇಷ್ಟ್ರ ಮನೆ ಯಾವುದು’ ಎಂದು ಕೇಳಿದರೆ ಹಾಲು ಹಾಕುವವನೂ ಕೈ ತೋರಿಸುತ್ತಾನೆ. ಗಂಗಾಧರಪ್ಪ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಈ ಮನುಷ್ಯನಿಗೆ ಗುರಿಕಾರ ಎಂಬ ಹೆಸರು ಅಂಟಿದ್ದು 1977ರಲ್ಲಿ. ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ತ್ರೀ ನಾಟ್ ತ್ರೀ ರೈಫಲಿನಿಂದ ಐದಕ್ಕೆ ಐದು ಗುಂಡನ್ನೂ ಕರಿ ಬೊಟ್ಟಿನೊಳಗೆ ಹೊಡೆದು ‘ಬೆಸ್ಟ್ ಶಾಟ್’ ಕಪ್ ಗೆದ್ದಿದ್ದರು. ಆ ಕಪ್ ಇವತ್ತಿಗೂ ಅವರ ಮನೆಯ ಶೋಕೇಸಿನಲ್ಲಿದೆ. ಹೆಂಡತಿ ಜಗದಾಂಬಾ ಅದರೊಳಗೆ ಸೇಫ್ಟಿ ಪಿನ್ನು, ಅಂಗಿಗುಂಡಿ ಹಾಕಿಟ್ಟಿದ್ದಾರೆ.

ನಿಜ ಹೇಳಬೇಕೆಂದರೆ, ಆವತ್ತು ಅವರು ಒಂದು ಗುಂಡನ್ನೂ ಹಾರಿಸಿರಲಿಲ್ಲ.

ನಡೆದದ್ದು ಇಷ್ಟು. ಎಂಟು ಹುಡುಗರು ಸಾಲಾಗಿ ಹೊಟ್ಟೆಯ ಮೇಲೆ ಮಲಗಿದ್ದರು, ನೂರು ಗಜದಾಚೆ ಎಂಟು ಹಲಗೆಗಳಿದ್ದವು. ನಂಬರು ಬರೆದು ಅಂಟಿಸಿದ್ದ ಚೀಟಿಗಳು ಬೆಳಗಿನ ಗಾಳಿಗೆ ಹಾರಿಹೋಗಿದ್ದರಿಂದ ನೀವೇ ಎಣಿಸಿಕೊಳ್ಳಿ ಎಂದು ತರಬೇತಿ ಕೊಡುವ ಉಸ್ತಾದ್ ಹಿಂದಿಯಲ್ಲಿ ಗದರಿದ. ಐದನೆಯವನು ಗಂಗಾಧರ. ಅವನ ಎಡಕ್ಕೆ ನಾಲ್ಕನೆಯವನು ಭದ್ರಾವತಿಯ ಕೆಂಚಪ್ಪ. ಕೆಂಚಪ್ಪ ಎಡಚ. ಊಟವೊಂದನ್ನು ಬಿಟ್ಟು ಎಲ್ಲ ಕೆಲಸವನ್ನೂ ಎಡಗೈಯಲ್ಲಿ ಮಾಡುವವನು, ಸಾಲನ್ನು ಎಣಿಸುವಾಗಲೂ ಬಲತುದಿಯಿಂದ ಶುರು ಮಾಡುವವನು. ಎಂಟರಲ್ಲಿ ಬಲದಿಂದ ನಾಲ್ಕನೆಯದು ಎಂದರೆ ಎಡದಿಂದ ಐದನೆಯದು ಎಂಬುದು ಅವನಿಗೂ ಹೊಳೆಯಲಿಲ್ಲ, ಉಸ್ತಾದನಿಗೂ ಹೊಳೆಯಲಿಲ್ಲ. ಇತ್ತ ಗಂಗಾಧರ ಹೆದರಿಕೆಯಲ್ಲಿ ರೈಫಲಿನ ಸೇಫ್ಟಿ ತೆಗೆಯುವುದನ್ನೇ ಮರೆತಿದ್ದ. ಟ್ರಿಗರ್ ಎಳೆದ, ಮತ್ತೆ ಎಳೆದ, ಅದು ಜಗ್ಗಲಿಲ್ಲ. ಎರಡೂ ಕಿವಿಗೆ ಸಿಡಿಲು ಬಡಿಯುತ್ತಿತ್ತು. ಕಣ್ಣು ಬಿಟ್ಟು ನೋಡಿದರೆ ತಾನು ಹೊಡೆಯದಿದ್ದರೂ ತನ್ನ ಹಲಗೆಯ ಕಾಗದ ಒಂದೊಂದೇ ಸಲ ಅದುರುತ್ತಿದೆ. ಎಡಕ್ಕೆ ಹೊರಳಿದರೆ ಕೆಂಚಪ್ಪನ ಕೊಳವೆ ಸೀದಾ ತನ್ನ ಹಲಗೆಯನ್ನೇ ನೋಡುತ್ತಿದೆ.

ಅಷ್ಟರಲ್ಲಿ ಎಮ್ಮೆಯೊಂದು ಹಲಗೆಗಳ ಮುಂದೆ ಬಂದು ನಿಂತುಬಿಟ್ಟಿತು. ಉಸ್ತಾದ್ ಸೀಟಿ ಊದಿದ. ಉಳಿದವರ ಗುಂಡೆಲ್ಲ ಖರ್ಚಾಗಿತ್ತು. ಗಂಗಾಧರ ತನ್ನ ಐದನ್ನು ಮೆಲ್ಲಗೆ ತೆಗೆದು ಕಾಲುಚೀಲದೊಳಗೆ ಇಳಿಸಿದ. ಕೊಟ್ಟ ಗುಂಡು ನಲವತ್ತು, ಲೆಕ್ಕ ಒಪ್ಪಿಸಲು ಸಿಕ್ಕ ಖಾಲಿ ತೋಟೆ ಮೂವತ್ತೈದು. ಎಂಟು ಹುಡುಗರೂ ಒಂದು ಗಂಟೆ ಹುಲ್ಲಿನಲ್ಲಿ ತೆವಳಿ ಹುಡುಕಿದರು, ಗಂಗಾಧರನೂ ಹುಡುಕಿದ. ಕೊನೆಗೆ ಉಸ್ತಾದ್ ರಿಜಿಸ್ಟರಿನಲ್ಲಿ ‘ಐದು ಖಾಲಿ ತೋಟೆ ಎಮ್ಮೆ ತುಳಿದು ಕೆಸರಿಗೆ ಹೋಗಿವೆ’ ಎಂದು ಬರೆದು ಸಹಿ ಹಾಕಿದ. ಆ ಸಂಜೆ ಐದು ಗುಂಡೂ ಸೇತುವೆಯ ಮೇಲಿಂದ ತುಂಗೆಗೆ ಬಿದ್ದವು.

ಐದನೆಯ ಹಲಗೆಯಲ್ಲಿ ಐದು ತೂತು, ಎಲ್ಲವೂ ಬೊಟ್ಟಿನೊಳಗೆ. ನಾಲ್ಕನೆಯದರಲ್ಲಿ ಒಂದೂ ಇಲ್ಲ. ಮಿಲಿಟರಿ ಸೇರಬೇಕೆಂದು ಕನಸಿನಲ್ಲೂ ಲೆಫ್ಟ್ ರೈಟ್ ಹಾಕುತ್ತಿದ್ದ ಕೆಂಚಪ್ಪನನ್ನು ಉಸ್ತಾದ್ ರೈಫಲ್ ತಲೆಯ ಮೇಲೆ ಹೊರಿಸಿ ಮೈದಾನಕ್ಕೆ ಮೂರು ಸುತ್ತು ಓಡಿಸಿದ. ಹುಡುಗರು ‘ಸೊನ್ನೆ ಕೆಂಚಪ್ಪ’ ಎಂದು ಹೆಸರಿಟ್ಟರು. ಗಂಗಾಧರ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಕೈಗೆ ಕಪ್ ಬಂತು, ಬಾಯಿ ಮುಚ್ಚಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ ಹಿರಿಯರು. ಪುಕ್ಕಟೆ ಬಂದ ಮಾನ ಆನೆ ಕೊಟ್ಟರೂ ಹೋಗುವುದಿಲ್ಲ ಎಂಬುದನ್ನು ಅವರು ಯಾಕೋ ಹೇಳದೆ ಬಿಟ್ಟರು. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗರತ್ತ ಮೇಷ್ಟ್ರು ಸೀಮೆಸುಣ್ಣ ಎಸೆದರೆ ಒಂದು ದಿನವೂ ತಾಗುತ್ತಿರಲಿಲ್ಲ. ‘ಮೇಷ್ಟ್ರು ಬೇಕಂತಲೇ ತಪ್ಪಿಸ್ತಾರೆ ಕಣೋ, ತಾಗಿಸಿದ್ರೆ ಕಣ್ಣೇ ಹೋಗ್ತಿತ್ತು’ ಎಂದು ಹುಡುಗರು ಭಯಭಕ್ತಿಯಿಂದ ಕೂರುತ್ತಿದ್ದರು. ಕೇರಂನಲ್ಲಿ ಕಾಯಿ ತಪ್ಪಿದರೆ ಅದೊಂದು ದೊಡ್ಡ ಲೆಕ್ಕಾಚಾರ. ದಸರಾ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಹೊಡೆಯುವ ಅಂಗಡಿಯನ್ನು ಅವರು ತಪ್ಪಿಸಿ ಹೋದರೆ, ಬಡಪಾಯಿಯ ಹೊಟ್ಟೆ ಮೇಲೆ ಯಾಕೆ ಹೊಡೆಯಬೇಕು ಎಂಬ ಕರುಣೆ. ಮಾವನವರು ಹೆಣ್ಣು ಕೊಟ್ಟದ್ದೂ ‘ಹುಡುಗನ ಕಣ್ಣು ಚೆನ್ನಾಗಿದೆ’ ಎಂದು ಹೇಳಿಯೇ.

ಇನ್ನು ಕೆಂಚಪ್ಪ. ಅವನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಯಿತು. ಮಿಲಿಟರಿಯ ಆಸೆ ಬಿಟ್ಟು ಭದ್ರಾವತಿಯ ಹಳೇನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟ. ಮೂವರು ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಎಂದರು, ಅವನು ನಂಬಲಿಲ್ಲ. ನಾಲ್ಕನೆಯವರು ಬೇಸತ್ತು ಒಂದು ಕನ್ನಡಕ ಬರೆದುಕೊಟ್ಟರು. ಆವತ್ತಿನಿಂದ ಅದು ಅವನ ಮೂಗಿನ ಮೇಲಿದೆ. ದಿನವಿಡೀ ಅದರ ಮೇಲೆ ಹಿಟ್ಟು ಕೂರುತ್ತದೆ, ದಿನವಿಡೀ ಅವನು ಪಂಚೆಯ ಚುಂಗಿನಿಂದ ಒರೆಸುತ್ತಾನೆ.

ಎರಡು ವರ್ಷದ ಹಿಂದೆ ಹಳೆಯ ಎನ್‌ಸಿಸಿ ಹುಡುಗರೆಲ್ಲ ಶಿವಮೊಗ್ಗದಲ್ಲಿ ಒಂದು ಊಟಕ್ಕೆ ಸೇರಿದರು. ಹುಡುಗರು ಎಂದರೆ ಅರವತ್ತೈದು ದಾಟಿದವರು. ಯಾರೋ ‘ಸೊನ್ನೆ ಎಲ್ಲಪ್ಪಾ’ ಎಂದು ಕೂಗಿದರು. ಕೆಂಚಪ್ಪ ಕೈ ಎತ್ತಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡು ಕುಳಿತಿದ್ದವರು ಗಂಗಾಧರಪ್ಪ ಒಬ್ಬರೇ. ಆಮೇಲೆ ಕೈತೊಳೆಯುವಲ್ಲಿ ಕೆಂಚಪ್ಪ ಮುಖ ತೊಳೆಯಲೆಂದು ಕನ್ನಡಕ ತೆಗೆದು ಇವರ ಕೈಗೆ ಕೊಟ್ಟ. ಇವರು ಸುಮ್ಮನೆ ಕಣ್ಣಿಗಿಟ್ಟು ನೋಡಿದರು. ಕಿಟಕಿಯ ಗಾಜಿನಲ್ಲಿ ನೋಡಿದ ಹಾಗಿತ್ತು. ಪವರೇ ಇಲ್ಲದ ಬರೀ ಗಾಜು.

“ಈ ಡಾಕ್ಟರ್‌ಗಳಿಗೆ ಏನೂ ಗೊತ್ತಾಗಲ್ಲ ಮಾರಾಯ. ಮೊನ್ನೆ ಮಗಳು ಕರ್ಕೊಂಡು ಹೋಗಿದ್ಲು, ಅವನೂ ಕಣ್ಣು ಸರಿಯಾಗಿದೆ ಅಂದ” ಎಂದ ಕೆಂಚಪ್ಪ ಮುಖ ಒರೆಸಿಕೊಳ್ಳುತ್ತ. “ಸರಿಯಿದ್ರೆ ಐದರಲ್ಲಿ ಒಂದಾದ್ರೂ ತಾಗ್ಬೇಕಿತ್ತಲ್ಲ?”

ಗಂಗಾಧರಪ್ಪನವರಿಗೆ ಹೇಳಿಬಿಡಬೇಕು ಎನಿಸಿತು. ಆದರೆ ನಲವತ್ತೈದು ವರ್ಷದ ಸುಳ್ಳಿನ ತುದಿ ಎಲ್ಲಿ ಹಿಡಿದು ಬಿಚ್ಚುವುದು? ಗಣಿತದ ಮೇಷ್ಟ್ರಲ್ಲವೇ, ಅವರಿಗೆ ಬೇರೆಯೇ ಒಂದು ಲೆಕ್ಕ ಹೊಳೆಯಿತು. ಅವನ ಐದು ಗುಂಡು ತನ್ನ ಹಲಗೆಗೆ ಬಂದಿವೆ. ತನ್ನ ಐದು ಗುಂಡು ಅವನ ಹಲಗೆಗೆ ಹೋಗಬೇಕು. ತನ್ನ ಹಲಗೆ ಖಾಲಿ ಉಳಿಯಬೇಕು. ಸೊನ್ನೆ ಈ ಕಡೆಗೆ ದಾಟಿದರೆ ಸಮೀಕರಣ ಸರಿಹೋಯಿತು.

ಕುಂಸಿ ಕಡೆಯ ಜಮೀನಿಗೆ ಬೆಳೆ ರಕ್ಷಣೆಗೆಂದು ಅಪ್ಪನ ಕಾಲದಲ್ಲಿ ಪಡೆದ ಕೋವಿ ಲೈಸೆನ್ಸು ಅವರ ಹೆಸರಿಗೆ ಬಂದಿತ್ತು. ಬಾಯಿಗೆ ಮದ್ದು ತುಂಬಿ ಹೊಡೆಯುವ ಅಪ್ಪನ ಕೇಪಿನ ಕೋವಿ ತುಕ್ಕು ಹಿಡಿದು ಒಲೆಯ ಊದುಗೊಳವೆಯಂತಾಗಿತ್ತು. ಅದನ್ನು ಒಪ್ಪಿಸಿ, ಒಂದು ವರ್ಷ ಕಚೇರಿ ಅಲೆದು, ಕೋವಿ ಅಂಗಡಿಯಿಂದ ಅವರು ತಂದದ್ದು ಹಳೆಯ ಮಿಲಿಟರಿ ರೈಫಲ್. ಈಗಿನ ಕಾನೂನಿಗೆ ಒಗ್ಗುವಂತೆ ಕೊಳವೆ ಬದಲಿಸಿ ಜೀರ್ಣೋದ್ಧಾರ ಮಾಡಿದ್ದು.

“ಸಾರ್, ಇದು ಬರ್ಮಾ ಯುದ್ಧ ನೋಡಿದೆ” ಎಂದಿದ್ದ ಅಂಗಡಿಯವನು.

“ಕೊಳವೆ?”

“ಹೊಸದು.”

“ಮರ?”

“ಅದೂ ಹೊಸದು. ಬೋಲ್ಟೂ ಬದಲಾಯಿಸಿದೀವಿ.”

ಕಳೆಯುವ ಲೆಕ್ಕ ಮಾಡಿ ನೋಡಿದರೆ ಬರ್ಮಾ ಕಂಡದ್ದು ಕಬ್ಬಿಣದ ಮೇಲೆ ಕೆತ್ತಿದ 1942 ಎಂಬ ಅಂಕಿ ಮಾತ್ರ. ಆದರೂ ಹೆಗಲಿಗಾನಿಸಿದಾಗ ಅದೇ ಭಾರ, ಅದೇ ಎಣ್ಣೆಯ ವಾಸನೆ.

ಜಗದಾಂಬಾ ಬಾಗಿಲಲ್ಲೇ ನಿಲ್ಲಿಸಿದರು. “ಏನ್ರೀ ಇದು? ನಮ್ಮ ಮನೇಲಿ ಮೊಟ್ಟೆ ಒಡೆದವರಿಲ್ಲ. ಇದ್ರಲ್ಲಿ ಏನು ಹೊಡೀತೀರಾ, ಬದನೆಕಾಯಿನಾ?”

“ಒಂದು ಐದು ಗುಂಡು ಹೊಡೀಬೇಕು, ಅಷ್ಟೇ.”

“ಐದು ಗುಂಡು ಹೊಡೀಬೇಕು ಅಂತ ಯಾರ ಮನೇಲಾದ್ರೂ ಹರಕೆ ಇರುತ್ತೇನ್ರೀ?”

ತಮ್ಮ ಮನೆಯಲ್ಲಿ ಇದೆ ಎಂದುಕೊಳ್ಳುತ್ತ ಅವರು ರೈಫಲನ್ನು ಬೀರುವಿನೊಳಗಿಟ್ಟರು.

ಹೊಡೆಯುವುದೇನೋ ಸರಿ, ಆದರೆ ರೈಫಲ್ ಮನೆಯಲ್ಲಿ ನಿಂತರೆ ತಾನೇ? ತಂದ ಹತ್ತನೆಯ ದಿನಕ್ಕೆ ಚುನಾವಣೆ ಘೋಷಣೆಯಾಯಿತು. ಲೈಸೆನ್ಸು ಇರುವವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಒಪ್ಪಿಸಿದರು. ಅದು ಮುಗಿದು ಬಿಡಿಸಿಕೊಂಡು ಬರುವಷ್ಟರಲ್ಲಿ ಇನ್ನೊಂದು ಚುನಾವಣೆ. ಆಮೇಲೆ ಗಣೇಶನ ಮೆರವಣಿಗೆ, ಮುಂಜಾಗ್ರತೆಗೆಂದು ಮತ್ತೆ ಒಳಗೆ. ಪಾಪ, ಬರ್ಮಾ ಗೆದ್ದು ಬಂದ ರೈಫಲು ಠಾಣೆಯ ಉಗ್ರಾಣದಲ್ಲಿ ಕೊಡಲಿ ಮಚ್ಚುಗಳ ಜೊತೆ ಗೋಡೆಗೊರಗಿ ನಿಂತಿತು. ಭಾನುವಾರ ಭಾನುವಾರ ಮೇಷ್ಟ್ರು ಒಂದು ಸಣ್ಣ ಎಣ್ಣೆ ಡಬ್ಬಿ ಹಿಡಿದು ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡುವವರಂತೆ ಹೋಗಿಬರುತ್ತಿದ್ದರು. ಹಳೆಯ ಶಿಷ್ಯನೊಬ್ಬ ಅಲ್ಲಿ ಕಾನ್‌ಸ್ಟೇಬಲ್ ಆಗಿದ್ದರಿಂದ ಕುರ್ಚಿ ಸಿಗುತ್ತಿತ್ತು.

ಅಂತೂ ಆಯುಧಪೂಜೆಗೆ ಅದು ಮನೆಗೆ ಬಂತು. ಅಷ್ಟರಲ್ಲಿ ಜಗದಾಂಬಾ ಅವರ ಮನಸ್ಸೂ ತಿರುಗಿತ್ತು. ಮನೆಗೆ ಬಂದ ಮೇಲೆ ಅದೂ ಒಂದು ಆಯುಧ, ಸ್ಕೂಟರು ಮಿಕ್ಸಿಗಿಂತ ಒಂದು ಕೈ ಮೇಲು. ಹುಣಸೆಹಣ್ಣು ಹಚ್ಚಿ ತೊಳೆಯಲು ಹೊರಟಿದ್ದನ್ನು ಗಂಗಾಧರಪ್ಪ ಕೈಮುಗಿದು ತಪ್ಪಿಸಿ ಸ್ನಾನಕ್ಕೆ ಹೋದರು. ಬಚ್ಚಲಿನಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವಾಗ ಕುಟ್ಟಾಣಿಯ ಸದ್ದು ಕೇಳಿಸಿತು, ಟಕ್ ಟಕ್ ಎಂದು ನಾಲ್ಕು ಏಟು. ಟೀಗೆ ಶುಂಠಿ ಜಜ್ಜುತ್ತಿದ್ದಾಳೆ ಎಂದುಕೊಂಡರು. ಹೊರಬಂದು ನೋಡಿದರೆ ರೈಫಲು ವಿಭೂತಿ ಧರಿಸಿ, ತುದಿಗೆ ಚೆಂಡುಹೂವಿನ ಹಾರ ಸಿಕ್ಕಿಸಿಕೊಂಡು ಗೋಡೆಗೆ ಒರಗಿತ್ತು. ಟೀಯಲ್ಲಿ ಶುಂಠಿ ಇರಲಿಲ್ಲ. ಅದನ್ನು ಅವರು ಗಮನಿಸಲಿಲ್ಲ.

ಮರುವಾರ ಅವರು ಭದ್ರಾವತಿಗೆ ಹೋಗಿ ಗಿರಣಿಯ ಮುಂದೆ ಸ್ಕೂಟರ್ ನಿಲ್ಲಿಸಿ, ರೈಫಲ್ ಹೊಡೆಯೋಣ ಬಾ ಎಂದು ಕೆಂಚಪ್ಪನನ್ನು ಕರೆದರು.

“ನನ್ನ ಕೈಗೆ ಕೋವಿ ಕೊಟ್ರೆ ಊರಲ್ಲಿ ಜನ ಉಳಿತಾರಾ ಮಾರಾಯ?” ಎಂದ ಕೆಂಚಪ್ಪ. ರೆಪ್ಪೆಯ ಮೇಲೂ ರಾಗಿ ಹಿಟ್ಟು ಕೂತಿತ್ತು. “ನೀನು ಹೊಡಿ, ನಾನು ಚಪ್ಪಾಳೆ ತಟ್ತೀನಿ.”

“ಇಬ್ರೂ ಹೊಡೆಯೋಣ. ಆವತ್ತಿನ ಥರವೇ, ನಾಲ್ಕನೇ ಹಲಗೆ ನಿಂದು, ಐದನೇದು ನಂದು.”

“ಮತ್ತೆ ಸೊನ್ನೆ ತಗೊಳ್ಳೋಕಾ?”

“ಈ ಸಲ ಸೊನ್ನೆ ನಿನ್ನದಾಗಲ್ಲ. ನನ್ನ ಮಾತು ನಂಬು.”

ಕೆಂಚಪ್ಪ ಗೆಳೆಯನ ಮುಖ ನೋಡಿ, ಕನ್ನಡಕ ಒರೆಸಿಕೊಂಡು, ಮಗಳಿಗೆ ಗಿರಣಿ ನೋಡಿಕೊಳ್ಳಲು ಹೇಳುತ್ತೇನೆ ಎಂದ.

ಮಲವಗೊಪ್ಪದಿಂದ ಸ್ವಲ್ಪ ಆಚೆ ಒಂದು ರೈಫಲ್ ಕ್ಲಬ್ಬಿನ ಮೈದಾನ. ಅಲ್ಲಿನ ಉಸ್ತುವಾರಿ ಈಶ್ವರಪ್ಪ, ಮಿಲಿಟರಿಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಗುರಿಕಾರ ಮೇಷ್ಟ್ರು ಬರುತ್ತಾರೆಂದು ಸುದ್ದಿಯಾಗಿ ಏಳೆಂಟು ಜನ ಹಳೆಯ ಶಿಷ್ಯರು ಮೊದಲೇ ಬಂದು ನಿಂತಿದ್ದರು. ಹಲಗೆಗಳ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ ನಂಬರು ಬರೆದಿತ್ತು. ನಾಲ್ಕು ಕೆಂಚಪ್ಪನದು. ಅದರ ಬಲಕ್ಕೆ, ಒಂದೇ ಗಜದಾಚೆ, ಐದು ಗಂಗಾಧರಪ್ಪನವರದು. ರೈಫಲು ಒಂದೇ, ಆದ್ದರಿಂದ ಒಬ್ಬರಾದ ಮೇಲೊಬ್ಬರು. ಎಲ್ಲ ಮುಗಿದು ಕೆಂಪು ಬಾವುಟ ಇಳಿಯುವ ತನಕ ಯಾರೂ ಹಲಗೆಯ ಹತ್ತಿರ ಹೋಗುವಂತಿಲ್ಲ.

ಗಂಗಾಧರಪ್ಪ ಮಲಗಿದರು. ಮೊದಲು ಸೇಫ್ಟಿ ತೆಗೆದರು. ಆಮೇಲೆ ಯಾರಿಗೂ ತಿಳಿಯದಂತೆ ಕೊಳವೆಯನ್ನು ಒಂದು ಕೂದಲೆಳೆ ಎಡಕ್ಕೆ ತಿರುಗಿಸಿ ನಾಲ್ಕನೆಯ ಹಲಗೆಯ ಕರಿ ಬೊಟ್ಟಿಗೆ ಗುರಿ ಹಿಡಿದರು. ಶಿವಾ, ಜೀವನದಲ್ಲಿ ಇದೊಂದು ತಾಗಲಿ ಎಂದು ಎದೆಯ ಮೇಲಿನ ಲಿಂಗವನ್ನು ನೆನೆದು ಟ್ರಿಗರ್ ಎಳೆದರು. ಹೆಗಲಿಗೆ ಹಸು ಒದ್ದಂತಾಯಿತು. ಅರವತ್ತೇಳನೆಯ ವಯಸ್ಸಿನಲ್ಲಿ ಗುರಿಕಾರ ಮೇಷ್ಟ್ರು ತಮ್ಮ ಜೀವಮಾನದ ಮೊದಲ ಗುಂಡು ಹಾರಿಸಿದ್ದರು. ಮತ್ತೆ ನಾಲ್ಕು ಸಲ ಹಸು ಒದೆಯಿತು. ಎದ್ದು ನಿಂತಾಗ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು. ತನ್ನ ಹಲಗೆ ಖಾಲಿ, ತನ್ನ ಮರ್ಯಾದೆ ಇನ್ನರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದು ಯಾರಿಗೂ ಇಷ್ಟು ಖುಷಿಯಾಗಿರಲಿಕ್ಕಿಲ್ಲ.

ಕೆಂಚಪ್ಪ ಎಡ ಹೆಗಲಿಗೆ ರೈಫಲ್ ಆನಿಸಿ ಮಲಗಿದ. ಮಲಗಿದ ರೀತಿಯಲ್ಲೇ ಈಶ್ವರಪ್ಪನವರ ಹುಬ್ಬು ಮೇಲೇರಿತು. ಬೋಲ್ಟು ಎಳೆಯಲು ತುಸು ತಡಕಾಡಿದ್ದು ಬಿಟ್ಟರೆ ಅವನು ಕಲ್ಲಿನಂತೆ ಸ್ಥಿರವಾಗಿದ್ದ. “ಐದನೇದಲ್ಲ, ನಾಲ್ಕನೇದು. ಎಡದಿಂದ” ಎಂದರು ಗಂಗಾಧರಪ್ಪ.

“ನಂಬರು ಕಾಣ್ತಿದೆ ಮಾರಾಯ, ಸುಮ್ನಿರು” ಎಂದ ಕೆಂಚಪ್ಪ. ಐದು ಗುಂಡು ಹೊಡೆದ.

ಬಾವುಟ ಇಳಿಯಿತು. ಈಶ್ವರಪ್ಪ ಹೋಗಿ ಎರಡೂ ಹಲಗೆಯ ಕಾಗದ ಬಿಡಿಸಿಕೊಂಡು ಬಂದರು. ನಾಲ್ಕನೆಯದರಲ್ಲಿ ಒಂದು ಸೂಜಿ ಚುಚ್ಚಿದ ಗುರುತೂ ಇರಲಿಲ್ಲ. ಐದನೆಯದರಲ್ಲಿ ಐದು ತೂತು ಕರಿ ಬೊಟ್ಟಿನ ನಟ್ಟನಡುವೆ ಒಂದನ್ನೊಂದು ಒತ್ತಿಕೊಂಡಿದ್ದವು, ಮತ್ತೈದು ಅದರ ಸುತ್ತ ಚದುರಿದ್ದವು.

“ಮೇಷ್ಟ್ರದು ಐದು ಗುಂಡಿಗೆ ಹತ್ತು ತೂತು” ಎಂದ ಒಬ್ಬ ಶಿಷ್ಯ, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ.

“ಕಲ್ಲಿಗೆ ಬಡಿದು ವಾಪಸ್ ಬಂದು ಇನ್ನೊಂದು ಸಲ ತೂರಿರುತ್ತೆ” ಎಂದು ವಿಜ್ಞಾನ ಓದಿದ್ದ ಇನ್ನೊಬ್ಬ ವಿವರಿಸಿದ. ಉಳಿದವರು ತಲೆದೂಗಿದರು. ಒಬ್ಬ ಆಗಲೇ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ.

ಗಂಗಾಧರಪ್ಪನವರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಟ್ಟುಕೊಡಲು ಹೋದರೂ ಬಿಡದ ಮಾನ ಎಂಥ ಮಾನ? ಅವನ ಹಲಗೆಗೇ ಗುರಿಯಿಟ್ಟು ಹೊಡೆದರೂ ಗುಂಡು ತಮ್ಮ ಮನೆಯ ದಾರಿಯನ್ನೇ ಹಿಡಿದಿತ್ತು. ಈಶ್ವರಪ್ಪ ಮಾತ್ರ ರೈಫಲನ್ನು ತಿರುಗಿಸಿ ಅದರ ಮೂತಿಯ ಮೇಲಿನ ಗುರಿಮೊಳೆಯನ್ನು ನೋಡಿದರು, ಉಗುರಿನಿಂದ ಕೆರೆದರು.

“ಸಾರ್, ಇದನ್ನ ಯಾರೋ ಬಡಿದಿದಾರೆ. ಒಂದು ಬಟಾಣಿಯಷ್ಟು ಎಡಕ್ಕೆ ಸರಿದಿದೆ. ನಾಲ್ಕಕ್ಕೆ ಗುರಿ ಹಿಡಿದ್ರೆ ಗುಂಡು ಐದಕ್ಕೇ ಹೋಗೋದು.” ಉಗುರು ಮೂಸಿ ನೋಡಿದರು. “ಶುಂಠಿ ವಾಸನೆ ಬರ್ತಿದೆಯಲ್ಲ. ಚೆಂಡುಹೂವಿನ ಎಸಳೂ ಇದೆ.”

ಹಾರ ಸಿಕ್ಕಿಸಲು ಜಾಗ ಸಾಲದೆ ಜಗದಾಂಬಾ ಕುಟ್ಟಾಣಿಯಿಂದ ಕೊಟ್ಟ ನಾಲ್ಕು ಏಟು ಗಂಗಾಧರಪ್ಪನವರ ಕಿವಿಯಲ್ಲಿ ಮತ್ತೆ ಕೇಳಿಸಿತು.

ಕೆಂಚಪ್ಪ ಇದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದ. ಐದನೆಯ ಹಲಗೆಯ ಕಾಗದವನ್ನು ಬಿಸಿಲಿಗೆ ಹಿಡಿದು ಎಡಗೈ ಬೆರಳಿನಿಂದ ಬಲತುದಿಯಿಂದ ಎಣಿಸುತ್ತಿದ್ದ. ಹತ್ತು. ಮತ್ತೆ ಎಣಿಸಿದ. ಹತ್ತೇ.

“ಐದು ನಂದು” ಎಂದ.

“ಹೌದು.”

“ನಡೂಮಧ್ಯದಲ್ಲಿರೋದು?”

“ಅವು ನಿಂದೇ ಇರ್ಬೇಕು. ನನ್ನ ಕೈ ನಡುಗ್ತಿತ್ತು.”

ಕೆಂಚಪ್ಪ ಕಾಗದದಿಂದ ಕಣ್ಣು ತೆಗೆಯಲಿಲ್ಲ. “ಹಾಗಾದ್ರೆ ನೀನು ಗುರಿ ಹಿಡಿದಿದ್ದು ಎಲ್ಲಿಗೆ? ನಿನ್ನ ಹಲಗೆಗೆ ಹಿಡಿದಿದ್ರೆ ಆರಕ್ಕೆ ಹೋಗ್ಬೇಕಿತ್ತಲ್ಲ?”

ಹಿಟ್ಟಿನ ಗಿರಣಿಯವನ ಈ ಲೆಕ್ಕದ ಮುಂದೆ ಗಣಿತದ ಮೇಷ್ಟ್ರಿಗೆ ಉತ್ತರ ಹೇಳದೆ ಗತಿ ಇರಲಿಲ್ಲ. ಶಿಷ್ಯರ ಎದುರಿಗೇ ಹೇಳಿದರು. ಸೇಫ್ಟಿ ಮರೆತದ್ದು, ಬಲದಿಂದ ಎಣಿಸಿದ್ದು, ಕಾಲುಚೀಲ, ತುಂಗೆಯ ಸೇತುವೆ, ಎಲ್ಲ. “ಆವತ್ತಿನ ಐದೂ ನಿಂದೇ ಕೆಂಚಪ್ಪ. ನಾನು ಇವತ್ತಿನವರೆಗೂ ಒಂದು ಗುಂಡೂ ಹೊಡೆದೋನಲ್ಲ. ನಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ.” ಹೇಳುತ್ತ ಅವರು ಅತ್ತರು.

“ನೋಡ್ರೋ, ಮೇಷ್ಟ್ರು ಎಷ್ಟು ದೊಡ್ಡ ಮನುಷ್ಯರು” ಎಂದು ಹಿಂದಿನಿಂದ ಒಬ್ಬ ಶಿಷ್ಯ ಪಿಸುಗುಟ್ಟಿದ. “ಗೆಳೆಯನಿಗೆ ಬೇಜಾರಾಗಬಾರದು ಅಂತ ಏನೆಲ್ಲಾ ಕತೆ ಕಟ್ತಿದಾರೆ.”

ಕೆಂಚಪ್ಪ ನಂಬಿದ. ಅವನ ಕೈಯಲ್ಲಿ ಹತ್ತು ತೂತಿನ ಕಾಗದವಿತ್ತು. ಅವನು ಬೈಯಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, “ನಿನ್ನ ಮನೆಗೆ ನಡಿ” ಎಂದ.

ರೈಫಲನ್ನು ಚೀಲದಲ್ಲಿ ಬೆನ್ನಿಗೆ ಕಟ್ಟಿಕೊಂಡು ಗಂಗಾಧರಪ್ಪ ಸ್ಕೂಟರ್ ಬಿಟ್ಟರು. ಹಿಂದೆ ಕೂತ ಕೆಂಚಪ್ಪ ದಾರಿಯುದ್ದಕ್ಕೂ ಬೋರ್ಡು ಓದುತ್ತ ಬಂದ. ಟಯರ್ ಪಂಕ್ಚರ್ ಅಂಗಡಿ, ಸಿಮೆಂಟ್ ಜಾಹೀರಾತು, ಮುಂದೆ ಹೋಗುತ್ತಿದ್ದ ಲಾರಿಯ ನಂಬರು, ಅದರ ಕೆಳಗಿನ ಸಣ್ಣಕ್ಷರದ ಫೋನ್ ನಂಬರು. ಮಲವಗೊಪ್ಪ ದಾಟಿದ ಮೇಲೆ ದೂರದ ಕಲ್ಯಾಣಮಂಟಪದ ಬಾಗಿಲಲ್ಲಿ ಹೂವಿನಿಂದ ಬರೆದ ಮದುಮಕ್ಕಳ ಹೆಸರನ್ನೂ ಓದಿದ. ಗಂಗಾಧರಪ್ಪ ಪ್ರತಿ ಬೋರ್ಡಿಗೂ ಹೂಂಗುಟ್ಟಿದರು.

ಮನೆಯಲ್ಲಿ ಕೆಂಚಪ್ಪ ಸೀದಾ ಶೋಕೇಸಿನ ಮುಂದೆ ನಿಂತ. “ಆ ಕಪ್ ಕೊಡು.”

“ಅದ್ರಲ್ಲಿ ಪಿನ್ನು ಗುಂಡಿ ಇದೆ ಅಣ್ಣಾ” ಎಂದರು ಜಗದಾಂಬಾ.

“ಖಾಲಿ ಮಾಡಿಕೊಡಮ್ಮ.”

ಜಗದಾಂಬಾ ಗಂಡನ ಮುಖ ನೋಡಿದರು. ಅದರಲ್ಲಿ ಏನು ಕಂಡಿತೋ, ಪಿನ್ನು ಗುಂಡಿಗಳನ್ನು ಒಂದು ತಟ್ಟೆಗೆ ಸುರಿದು, ಸೆರಗಿನಿಂದ ಕಪ್ ಒರೆಸಿ ಕೊಟ್ಟರು. ಕೆಂಚಪ್ಪ ಅದನ್ನು ಕಂಕುಳಲ್ಲಿ ಇರುಕಿಕೊಂಡು, ಜೇಬಿನಿಂದ ಕನ್ನಡಕ ತೆಗೆದು, ಕಪ್ ಇದ್ದ ಜಾಗದಲ್ಲಿ ಕಾಲು ಮಡಿಸಿ ಇಟ್ಟ. ಟೀ ಕುಡಿದು, ಹತ್ತು ತೂತಿನ ಕಾಗದ ಸುತ್ತಿಕೊಂಡು, ಭದ್ರಾವತಿ ಬಸ್ಸು ಹತ್ತಿದ.

ಕನ್ನಡಕ ಇವತ್ತಿಗೂ ಶೋಕೇಸಿನಲ್ಲಿದೆ. ಮನೆಗೆ ಬಂದವರು ಇದು ಯಾರದು ಎಂದು ಕೇಳುತ್ತಾರೆ.

“ನನ್ನದು” ಎನ್ನುತ್ತಾರೆ ಗಂಗಾಧರಪ್ಪ. “ಸೊನ್ನೆ ನಂಬರಿನದು.”